ಶೇಖರಪ್ಪನವರ ಬೋರ್ಡಿಗೆ ನೀರು ಬಿದ್ದದ್ದು

ಶೇಖರಪ್ಪನವರಿಗೆ ಕಂಪ್ಯೂಟರ್ ಬರುತ್ತದೆ ಎಂದು ಮೊದಲು ಹೇಳಿದವರು ಶೇಖರಪ್ಪನವರೇ. ಹಾಗೆ ಹೇಳಬೇಕೆಂಬ ಆಸೆಯೇನೂ ಅವರಿಗಿರಲಿಲ್ಲ. ಪೀಣ್ಯ ಎರಡನೇ ಹಂತದ ಸ್ಪ್ರಿಂಗ್ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರ್ ಕೀಪರ್. ಒಂದು ದಿನ ಮಾಲೀಕರು ಸ್ಟೋರಿನ ಬಾಗಿಲಲ್ಲಿ ನಿಂತು, "ಶೇಖರಪ್ಪ, ಪುಣೆ ಪಾರ್ಟಿಯವರು ಸೋಮವಾರ ಬರ್ತಾರೆ. ಅಷ್ಟರಲ್ಲಿ ಸ್ಟಾಕೆಲ್ಲ ಕಂಪ್ಯೂಟರಲ್ಲಿ ಇರ್ಬೇಕು. ನಿಮಗೆ ಬರುತ್ತೆ ತಾನೆ? ಇಲ್ದಿದ್ರೆ ಬರೋರನ್ನ ಯಾರನ್ನಾದ್ರೂ ತಗೋತೀನಿ" ಎಂದರು. ಮಾತಿನ ಕೊನೆಯ ಭಾಗ ಕೇಳಿದ ಮೇಲೆ ಮೊದಲ ಭಾಗಕ್ಕೆ ಒಂದೇ ಉತ್ತರ ಉಳಿದಿತ್ತು.

"ಬರ್ತೈತ್ರಿ ಸರ್" ಎಂದುಬಿಟ್ಟರು.

ಮಾಲೀಕರಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಅವರು ಆಫೀಸಿನ ಹಳೆಯ ಕಂಪ್ಯೂಟರೊಂದನ್ನು ಆಟೋಗೆ ಹಾಕಿಸಿ, "ಮನೇಲೇ ಕೂತು ನೆಮ್ಮದಿಯಾಗಿ ಹೊಡೀರಿ" ಎಂದು ಶೇಖರಪ್ಪನವರ ಜೊತೆಯಲ್ಲೇ ಕಳಿಸಿದರು.

ರಾಜಗೋಪಾಲನಗರದ ಆ ಅಡ್ಡರಸ್ತೆಗೆ ಬಂದ ಮೊದಲ ಕಂಪ್ಯೂಟರ್ ಅದೇ ಇರಬೇಕು. ಮಾನಿಟರನ್ನು ಎದೆಗೆ ಅವಚಿಕೊಂಡು ಶೇಖರಪ್ಪನವರು ಇಳಿದಾಗ ಮೂಲೆಯ ಸೈಕಲ್ ಶಾಪಿನ ದಾಸಪ್ಪ, "ಹೊಸ ಟಿವಿನಾ ಸಾರ್?" ಎಂದು ಕೇಳಿದ. "ಟಿವಿ ಅಲ್ಲ, ಕಂಪ್ಯೂಟರ್" ಎಂದು ಅವರು ಹೇಳಿದ ಗಾಂಭೀರ್ಯಕ್ಕೆ ದಾಸಪ್ಪ ಪಂಕ್ಚರ್ ಹಾಕುವುದನ್ನು ಬಿಟ್ಟು ಎದ್ದು ನಿಂತ. ಸಂಜೆಯೊಳಗೆ ಒಬ್ಬರು ಬಂದು ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಅದರಲ್ಲಿ ಯಾವಾಗ ಕಾಣುತ್ತದೆ ಎಂದರು. ಇನ್ನೊಬ್ಬರು ತಮ್ಮ ಗ್ಯಾಸ್ ಸಿಲಿಂಡರ್ ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಹೇಳಬೇಕೆಂದರು. ಶೇಖರಪ್ಪನವರು ಎಲ್ಲರಿಗೂ "ನೋಡೋಣ" ಎಂದರು. ಅವರ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಆ ಕಂಪ್ಯೂಟರನ್ನು ಅವರು ಅಲ್ಲಿಯವರೆಗೆ ಬರೀ ನೋಡಿದ್ದರು.

ಶನಿವಾರ ರಜೆ ಹಾಕಿ, ಸ್ನಾನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅವರು ಕಂಪ್ಯೂಟರಿನ ಮುಂದೆ ಕುಳಿತರು. ಸ್ನಾನ ಎಂದರೆ ಅರ್ಧ ಬಕೆಟ್ಟು. ಆ ಬೇಸಿಗೆಯಲ್ಲಿ ಬೀದಿಯ ನಲ್ಲಿಗಳು ವಾರಗಟ್ಟಲೆ ಬುಸ್ಸೆಂದು ಗಾಳಿ ಬಿಡುತ್ತಿದ್ದವೇ ಹೊರತು ನೀರು ಬಿಡುತ್ತಿರಲಿಲ್ಲ. ಜಲಮಂಡಳಿಯ ನೀರಿನ ಎಂಜಿನಿಯರು, ಬೀದಿಯವರು ಫೋನು ಮಾಡಿದಾಗಲೆಲ್ಲ, "ನಾಳೆ ಬರ್ತೀನಿ" ಎನ್ನುತ್ತಿದ್ದರು. ಹೀಗಿರುವಾಗ ಶೇಖರಪ್ಪನವರ ಹೆಂಡತಿ ರುದ್ರಮ್ಮ, ಗಂಡ ದೊಡ್ಡ ಕೆಲಸಕ್ಕೆ ಕೂತಿದ್ದಾರೆಂದು, ಕಾಯಿಸಿ ಆರಿಸಿದ ಕುಡಿಯುವ ನೀರನ್ನು ತುಂಬು ಚೊಂಬಿನಲ್ಲಿ ತಂದು ಕೀಬೋರ್ಡಿನ ಪಕ್ಕಕ್ಕಿಟ್ಟು ಹೋದರು.

ಶೇಖರಪ್ಪನವರು ಮೊದಲು ಹೊಡೆಯಬೇಕಾಗಿದ್ದುದು ಸ್ಪ್ರಿಂಗ್ ಎಂಬ ಪದ. ಅದಕ್ಕೆ ಎಸ್ ಬೇಕಿತ್ತು. ಅಕ್ಷರಮಾಲೆಯಲ್ಲಿ ಅದು ಕೊನೆಯ ಕಡೆಗೆ ಬರುವುದರಿಂದ ಅವರು ಕೀಬೋರ್ಡಿನ ಕೊನೆಯಿಂದಲೇ ಹುಡುಕತೊಡಗಿದರು. ಬಲದಿಂದ ಎಡಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿ, ಇಂಥ ಮುಖ್ಯ ಅಕ್ಷರವನ್ನೇ ಹಾಕಲು ಕಂಪನಿಯವರು ಮರೆತಿದ್ದಾರೆಂದು ನಿರ್ಧರಿಸುವ ಹೊತ್ತಿಗೆ ಅದು ಎ ಪಕ್ಕದಲ್ಲೇ ಕುಳಿತಿರುವುದು ಕಂಡಿತು.

"ಏ ರುದ್ರಿ, ಸಿಕ್ತು ನೋಡು" ಎಂದು ಕೈ ಬೀಸಿದರು. ಚೊಂಬು ಉರುಳಿತು.

ನೀರು ಅಕ್ಷರಗಳ ಸಂದಿನಲ್ಲಿ ನಾಲೆಯ ನೀರಿನಂತೆ ಹರಿದು ಒಳಗಿಳಿಯಿತು. ಪರದೆಯ ಮೇಲೆ ಎಸ್ ಅಕ್ಷರ ತಾನಾಗಿಯೇ ಸಾಲುಗಟ್ಟಿ ಓಡತೊಡಗಿತು. ಒಂದು ಪುಟ ತುಂಬಿ ಮುಂದಿನ ಪುಟಕ್ಕೂ ಹೋಯಿತು. ಶೇಖರಪ್ಪನವರು ಅದನ್ನು ನಿಲ್ಲಿಸಲು ಸಿಕ್ಕ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. ಆಮೇಲೆ ಎಸ್ ನಿಂತಿತು. ಅದರ ಜೊತೆಗೆ ಉಳಿದ ಅಕ್ಷರಗಳೂ ನಿಂತವು. ಏನು ಒತ್ತಿದರೂ ಪರದೆ ಮಿಸುಕಲಿಲ್ಲ.

ಒಳಗಿನಿಂದ ಬಂದ ರುದ್ರಮ್ಮ ನೆಲ ನೋಡಿ, "ಅಯ್ಯ, ಕುಡಿಯೋ ನೀರು" ಎಂದರು.

"ನೀರು ಹೋಗ್ಲಿ ಬಿಡು. ನನ್ನ ನೌಕರಿ ಹೋತು" ಎಂದರು ಶೇಖರಪ್ಪ. ಅವರ ಲೆಕ್ಕದಲ್ಲಿ ಆ ಪೆಟ್ಟಿಗೆ, ಈ ಹಲಗೆ, ಆ ಪರದೆ ಎಲ್ಲ ಸೇರಿ ಒಂದೇ ಜೀವ. ಹಲಗೆಗೆ ನೀರು ಕುಡಿಸಿದ ಮೇಲೆ ಉಳಿದದ್ದೂ ಉಳಿಯುವಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ಫೋನು ಮಾಡಬಹುದಾದವನು ಒಬ್ಬನೇ, ಕಾರ್ಖಾನೆಯ ಲೆಕ್ಕಪತ್ರ ನೋಡುವ ಅಮರೇಶ. ಅವನಿಗೆ ನಿಜವಾಗಿಯೂ ಕಂಪ್ಯೂಟರ್ ಬರುತ್ತಿತ್ತು. ಆದರೆ ಶೇಖರಪ್ಪನವರ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ಹಿತ್ತಲಿನ ಒಂದು ಕಲ್ಲುಚಪ್ಪಡಿಯ ಮೇಲೆ ನಿಂತರೆ ಮಾತ್ರ. ಆ ಮನೆಯಲ್ಲಿ ಹಿಂದೆ ಇದ್ದವರು ಒಂದು ಬೋರ್‌ವೆಲ್ ಕೊರೆಸಿ, ಬರೀ ಕಲ್ಲಿನ ಪುಡಿ ಬಂದದ್ದನ್ನು ನೋಡಿ, ಅದರ ಬಾಯಿಗೆ ಈ ಚಪ್ಪಡಿ ಮುಚ್ಚಿ ಹೋಗಿದ್ದರು.

ಚಪ್ಪಡಿಯ ಮೇಲೆ ನಿಂತು ಶೇಖರಪ್ಪನವರು ಬಾಯಿಗೆ ಕೈ ಅಡ್ಡ ಹಿಡಿದರು. "ಅಮರೇಶ, ಮೆತ್ತಗ ಮಾತಾಡಾಕತ್ತೀನಿ, ಲಕ್ಷ್ಯ ಕೊಟ್ಟು ಕೇಳ್ರಿ. ಕೀಬೋರ್ಡಿಗೆ ನೀರು ಬಿದ್ದೈತಿ."

ಅದೇ ಗಳಿಗೆಗೆ ಕಬ್ಬಿಣದ ಸಲಾಕೆ ತುಂಬಿಕೊಂಡ ಟೆಂಪೋ ಒಂದು ಬೀದಿಯಲ್ಲಿ ಗಡಗಡ ಹೋಯಿತು. ಅಮರೇಶನಿಗೆ ಕೇಳಿಸಲಿಲ್ಲ. ಶೇಖರಪ್ಪನವರು ದನಿ ಏರಿಸಿದರು.

"ಬೋರ್ಡಿಗ್ರಿ, ಬೋರ್ಡಿಗೆ. ನೀರು ಬಿದ್ದೈತಿ. ಈಗ, ಬೆಳಿಗ್ಗೇನೆ. ಹನಿಗಿನಿ ಅಲ್ರಿ, ಭರ್ತಿ ಬಿದ್ದೈತಿ. ಇನ್ನೂ ಒಳಗಿಂದ ಬರ್ತಾನೇ ಐತಿ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ಸಾಹೇಬ್ರಿಗೆ ಗೊತ್ತಾತಂದ್ರ ನನ್ನ ಕತಿ ಮುಗೀತು."

ಕಾಂಪೌಂಡಿನ ಆಚೆ ಕಡೆ ಚಿಕ್ಕಮುನಿಯಮ್ಮ ಮೆಣಸಿನಕಾಯಿ ಒಣಗಹಾಕುತ್ತಿದ್ದಳು. ಈ ಬಡಾವಣೆ ಹೊಲವಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಹೆಂಗಸು. ಬೋರಿಗೆ ನೀರು ಬಿದ್ದರೆ ಮನೆಯಲ್ಲಿ ಹಬ್ಬ, ಕೀಬೋರ್ಡಿಗೆ ಬಿದ್ದರೆ ಸೂತಕ. ಎರಡಕ್ಕೂ ನಡುವೆ ಇರುವುದು ಒಂದು ಕೀ ಮಾತ್ರ. ಆ ಕೀ ಟೆಂಪೋ ಸದ್ದಿನಲ್ಲಿ ಕಳೆದುಹೋಗಿತ್ತು, ಉಳಿದ ಬೋರ್ಡು ಕಾಂಪೌಂಡು ದಾಟುವಾಗ ಬೋರಾಗಿತ್ತು. ಚಿಕ್ಕಮುನಿಯಮ್ಮ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಅಲ್ಲೇ ಬಿಟ್ಟಳು. ಮೊದಲು ಮಗನಿಗೆ ಫೋನು ಮಾಡಿದಳು. ಅವನ ಹೆಂಡತಿ ಸವಿತಾ ಬಾಣಂತಿ. ನೀರಿಲ್ಲದ ಮನೆಗೆ ಹಸುಗೂಸನ್ನು ತರುವುದು ಹೇಗೆಂದು ಸೊಸೆಯನ್ನು ಮಾಗಡಿಯ ತವರಿನಲ್ಲೇ ಬಿಟ್ಟಿದ್ದರು.

"ಇವತ್ತೇ ಕರ್ಕೊಂಡ್ ಬಂದ್ಬುಡು. ಪಕ್ಕದ್ಮನೆ ಸಾರ್ ಬೋರಿಗೆ ನೀರು ಬಿದ್ದೈತೆ. ಒಳ್ಳೆ ಮನ್ಸ, ಇಲ್ಲ ಅನ್ನಾಕಿಲ್ಲ" ಎಂದಳು. ಆಮೇಲೆ ಬೀದಿಗೆ ಹೊರಟಳು.

ಇತ್ತ ಅಮರೇಶ ಫೋನಿನಲ್ಲಿ ಹೇಳಿದ್ದು ಇಷ್ಟು: ಮೊದಲು ಕಂಪ್ಯೂಟರ್ ಆಫ್ ಮಾಡಿ. ಕೀಬೋರ್ಡಿನ ವೈರು ಕೀಳಿ. ತಲೆಕೆಳಗು ಮಾಡಿ ನೀರು ಸೋರಲು ಬಿಡಿ. ಗಾಳಿ ಹಾಕಿ ಒಣಗಿಸಿ. ಪೂರ್ತಿ ಒಣಗುವವರೆಗೆ ಮತ್ತೆ ಸಿಕ್ಕಿಸಬೇಡಿ. ಮಧ್ಯಾಹ್ನ ಆಫೀಸು ಬಿಟ್ಟ ಮೇಲೆ ನಾನೇ ಬರುತ್ತೇನೆ.

ಶೇಖರಪ್ಪನವರು ಇದನ್ನು ಮಂತ್ರದಂತೆ ಪಾಲಿಸಿದರು. ಹಿತ್ತಲಿನಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತಿದ್ದ ಜಾಗವೂ ಆ ಚಪ್ಪಡಿಯೇ. ಕೀಬೋರ್ಡನ್ನು ಅದರ ಮೇಲೆ ಬೋರಲಾಗಿ ಮಲಗಿಸಿ, ಬೀದಿಯವರ ಕಣ್ಣಿಗೆ ಬೀಳದಿರಲೆಂದು ಮೇಲೆ ಟವೆಲ್ ಹೊದಿಸಿದರು. ಉಳಿದದ್ದು ಗಾಳಿ. ಅಷ್ಟರಲ್ಲಿ ಕರೆಂಟು ಹೋಗಿದ್ದರಿಂದ ಫ್ಯಾನಿನ ಆಸೆ ಇರಲಿಲ್ಲ. ದಾಸಪ್ಪನ ಅಂಗಡಿಗೆ ಹೋದರು.

"ದಾಸಪ್ಪ, ಸ್ವಲ್ಪ ಪಂಪ್ ಕೊಡ್ತೀಯೇನಪ್ಪ?"

"ನಿಮ್ಮತ್ರ ಸೈಕಲ್ಲೇ ಇಲ್ವಲ್ಲ ಸಾರ್. ಪಂಪ್ ಯಾಕೆ?"

"ನೀರು ತೆಗೀಬೇಕಾಗೈತಿ" ಎಂದು ಬಾಯಿ ತಪ್ಪಿ ಹೇಳಿ, "ಏನಿಲ್ಲ, ಏನಿಲ್ಲ" ಎಂದು ತಿದ್ದಿದರು.

ಚಿಕ್ಕಮುನಿಯಮ್ಮ ಆಗಷ್ಟೇ ಅಂಗಡಿಯಲ್ಲಿ ಸುದ್ದಿ ಬಿಟ್ಟು ಹೋಗಿದ್ದಳು. ದಾಸಪ್ಪ ಕೊಟ್ಟ ಪಂಪಿನಲ್ಲಿ ಶೇಖರಪ್ಪನವರು ಚಪ್ಪಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಟವೆಲಿನ ಒಳಗೆ ಕೊಳವೆ ತೂರಿಸಿ ಬುಸುಬುಸು ಗಾಳಿ ಹೊಡೆಯುವುದನ್ನು ಹಿಂದಿನ ಮನೆಯ ತಾರಸಿಯಿಂದ ಬೀದಿಯ ಅರ್ಧ ಜನ ನೋಡಿದರು. ಸೈಕಲ್ ಪಂಪಿನಲ್ಲಿ ಬೋರಿನ ನೀರೆತ್ತಲು ಸಾಧ್ಯವೇ ಎಂದು ಒಬ್ಬರು ಅನುಮಾನಪಟ್ಟರು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಏನೇನು ಗೊತ್ತಿರುತ್ತದೋ ಎಂದು ಇನ್ನೊಬ್ಬರು ಆ ಅನುಮಾನ ಪರಿಹರಿಸಿದರು.

ಹೊತ್ತೇರುವಷ್ಟರಲ್ಲಿ ಗೇಟಿನಿಂದ ದಾಸಪ್ಪನ ಅಂಗಡಿಯವರೆಗೆ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು ನಿಂತಿತು. ಚಿಕ್ಕಮುನಿಯಮ್ಮ ಬರಿಗೈಲಿ ಬರಲಿಲ್ಲ. ತಟ್ಟೆ ತುಂಬ ಒಬ್ಬಟ್ಟು ತಂದಿದ್ದಳು. ಅದನ್ನು ರುದ್ರಮ್ಮನ ಕೈಗಿಟ್ಟು, "ಒಳ್ಳೇದಾಗ್ಲಿ ಕಣಮ್ಮ. ನಿಮ್ಮ ಯಜಮಾನ್ರ ಕೈಗುಣ" ಎಂದಳು. ಗಂಡ ಕಂಪ್ಯೂಟರ್ ತಂದದ್ದಕ್ಕೆ ಇಡೀ ಬೀದಿ ಹೀಗೆ ಬಂದಿದೆಯೆಂದು ರುದ್ರಮ್ಮನಿಗೆ ಕಣ್ಣು ತುಂಬಿ ಬಂತು. ಬಿಂದಿಗೆ ಯಾಕೆ ತಂದರೆಂದು ಮಾತ್ರ ಹೊಳೆಯಲಿಲ್ಲ.

ಶೇಖರಪ್ಪನವರು ಪಂಪ್ ಬಿಟ್ಟು ಗೇಟಿಗೆ ಬಂದರು. ಕಂಪ್ಯೂಟರ್ ನೋಡಲು ಬಂದಿರುವ ಜನ ಎಂದೇ ಅವರು ತಿಳಿದರು.

"ಸಾರ್, ನಮಗೆಲ್ಲ ವಿಸ್ಯ ಗೊತ್ತಾಯ್ತು. ಮುಚ್ಚಿಡಬ್ಯಾಡಿ" ಎಂದಳು ಚಿಕ್ಕಮುನಿಯಮ್ಮ.

ಶೇಖರಪ್ಪನವರು ಹಿತ್ತಲಿನ ಕಡೆ ತಿರುಗಿ ನೋಡಿದರು. "ಎಲ್ಲಾರಿಗೂ ಗೊತ್ತಾತಾ?"

"ಬೀದಿಗೆಲ್ಲ ಗೊತ್ತು ಸಾರ್. ನಮಗೂ ಸ್ವಲ್ಪ ಬುಡಿ. ಮಕ್ಕಳು ಮರಿ ಇರೋರು."

"ಅದು ನನ್ನದಲ್ಲವ್ವ. ಕಂಪನೀದು."

"ಭೂಮಿ ಒಳಗಿಂದು ಕಂಪನೀದು ಎಂಗಾಯ್ತದೆ ಸಾರ್?" ಎಂದು ದಾಸಪ್ಪ ಹಿಂದಿನಿಂದ ಕೇಳಿದ. ಈ ಪ್ರಶ್ನೆ ಶೇಖರಪ್ಪನವರಿಗೆ ತಿಳಿಯಲಿಲ್ಲ. ತಿಳಿಯದ ಪ್ರಶ್ನೆಗಳನ್ನು ಬಿಟ್ಟು ಮುಂದಕ್ಕೆ ಹೋಗುವುದು ಅವರ ಪದ್ಧತಿ.

"ದಿನಕ್ಕೊಂದು ಗಂಟೆ ಬುಟ್ರೂ ಸಾಕು" ಎಂದಳು ಚಿಕ್ಕಮುನಿಯಮ್ಮ.

"ಬಿಡಬೌದವ್ವ, ನಂದೇನೈತಿ. ಆದ್ರ ಈಗ ಬ್ಯಾಡ. ಮೊದಲು ಒಣಗಲಿ."

ಚಿಕ್ಕಮುನಿಯಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಒಣಗ್ಲಿ ಅಂದ್ರೆ?"

"ಪೂರ್ತಿ ಒಣಗಬೇಕು. ಒಂದು ಹನಿ ಉಳೀಬಾರದು. ಆಮೇಲೆ ಎಲ್ಲಾರೂ ಬರ್ರಿ, ಯಾರಿಗೂ ಇಲ್ಲ ಅನ್ನಂಗಿಲ್ಲ."

ಸಭ್ಯ ಮನುಷ್ಯನೊಬ್ಬ ಇಷ್ಟು ಶಾಂತವಾಗಿ ಇಷ್ಟು ಕ್ರೂರವಾದ ಮಾತನ್ನಾಡಿದ್ದನ್ನು ಆ ಬೀದಿ ಹಿಂದೆ ಕೇಳಿರಲಿಲ್ಲ. ಚಿಕ್ಕಮುನಿಯಮ್ಮ ರುದ್ರಮ್ಮನ ಕೈಯಿಂದ ಒಬ್ಬಟ್ಟಿನ ತಟ್ಟೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು. ದಾಸಪ್ಪ ಜನರಿಂದ ಸ್ವಲ್ಪ ದೂರ ಹೋಗಿ ನೀರಿನ ಎಂಜಿನಿಯರಿಗೆ ಫೋನು ಮಾಡಿದ. "ಸಾರ್, ಒಂದು ಮನೇಲಿ ಬೋರಿಗೆ ನೀರು ಬಿದ್ದದೆ. ಪರ್ಮಿಷನ್ ಗಿರ್ಮಿಷನ್ ಏನೂ ಇಲ್ಲ" ಎಂದ. ನೀರಿಲ್ಲ ಎಂದು ವಾರಗಟ್ಟಲೆ ಕರೆದಾಗ ಬರದಿದ್ದ ಎಂಜಿನಿಯರು ಈ ಮಾತು ಕೇಳಿ ಜನ ಚದುರುವ ಮೊದಲೇ ಸ್ಕೂಟರಿನಲ್ಲಿ ಬಂದಿಳಿದರು. ದಪ್ಪಗಿನ ಮನುಷ್ಯ, ಕಂಕುಳಲ್ಲಿ ಚರ್ಮದ ಬ್ಯಾಗು. ಬಿಂದಿಗೆಗಳನ್ನು ದಾಟಿಕೊಂಡು ನೇರ ಹಿತ್ತಲಿಗೆ ನಡೆದರು. ಜನವೂ ಅವರ ಹಿಂದೆ ನುಗ್ಗಿತು.

"ಏನ್ರೀ, ಪರ್ಮಿಷನ್ ತಗೊಂಡಿದ್ದೀರಾ?"

ಮಾಲೀಕರು ಯಾರನ್ನೋ ವಿಚಾರಣೆಗೆ ಕಳಿಸಿದ್ದಾರೆಂದು ಶೇಖರಪ್ಪನವರು ಕೈ ಮುಗಿದರು. "ಸಾಹೇಬ್ರೇ ಕೊಟ್ಟು ಕಳಿಸ್ಯಾರ್ರಿ ಸರ್. ಅವರಿಗೆ ಗೊತ್ತಿದ್ದೇ ಐತಿ. ನೀರಿನ ವಿಚಾರ ಮಾತ್ರ ಗೊತ್ತಿಲ್ಲ."

"ಯಾವಾಗ ಬಿತ್ತು?"

"ಬೆಳಿಗ್ಗೆ, ಪೂಜಾ ಮುಗಿದ ಮ್ಯಾಲೆ."

"ಎಷ್ಟು ಇಂಚು?"

"ಇಂಚು ನೋಡಿಲ್ರಿ. ಒಂದು ಚೊಂಬು."

"ಚೊಂಬಲ್ಲಿ ಅಳೀತಾರೇನ್ರಿ? ಹೋಗ್ಲಿ, ಎಷ್ಟು ಅಡಿಗೆ ಸಿಕ್ತು?"

ಶೇಖರಪ್ಪನವರು ಯೋಚಿಸಿದರು. ಕೀಬೋರ್ಡ್ ಇದ್ದದ್ದು ಮೇಜಿನ ಮೇಲೆ. "ಎರಡೂವರೆ ಅಡಿ ಇರಬೇಕ್ರಿ" ಎಂದರು.

ಜನರ ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಪೀಣ್ಯದ ಸುತ್ತ ಸಾವಿರ ಅಡಿ ಕೊರೆದವರು ಬರಿಗೈಲಿ ಕೂತಿದ್ದಾರೆ, ಈ ಮನುಷ್ಯನಿಗೆ ಎರಡೂವರೆ ಅಡಿಗೇ ನೀರು. ಎಂಜಿನಿಯರು ಬ್ಯಾಗನ್ನು ದಾಸಪ್ಪನ ಕೈಗೆ ಕೊಟ್ಟು, ಚಪ್ಪಡಿಯ ಬಳಿ ಬಗ್ಗಿ ಟವೆಲನ್ನು ಎಳೆದರು.

ಕೀಬೋರ್ಡ್ ಬೋರಲಾಗಿ ಮಲಗಿತ್ತು. ಅದರ ಬಾಲ ಚಪ್ಪಡಿಯ ಅಂಚಿನಿಂದ ಇಳಿಬಿದ್ದಿತ್ತು. ಪಕ್ಕದಲ್ಲಿ ಸೈಕಲ್ ಪಂಪು.

ದಾಸಪ್ಪ ಮುಂದೆ ಬಂದು, "ಬೋರ್ ಎಲ್ಲಿ ಸಾರ್?" ಎಂದು ಮೆಲ್ಲಗೆ ಕೇಳಿದ.

"ಬೋರ್? ಅದು ಚಪ್ಪಡಿ ಕೆಳಗ ಐತಿ. ಅದರಾಗ ಕಲ್ಲಪುಡಿ ಬಿಟ್ಟು ಏನೂ ಇಲ್ಲ." ಶೇಖರಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು, ಬಿಂದಿಗೆಗಳನ್ನು ನೋಡಿದರು. ನಿಧಾನಕ್ಕೆ ಅವರಿಗೂ ಅರ್ಥವಾಯಿತು. "ನಾ ಹೇಳಿದ್ದು ಕೀಬೋರ್ಡ್ ಅಂತ. ನಂದೇ ಕೈ ತಾಗಿ ಚೊಂಬು ಉರುಳ್ತು. ನನಗ ಇದು ಬರಂಗಿಲ್ರಪ್ಪ. ಬರ್ತೈತಿ ಅಂತ ಸುಮ್ನ ಹೇಳೀನಿ."

ಕೆಲವರಿಗೆ ನಗು ಬಂತು. ನಗು ಪೂರ್ತಿ ಆಗುವ ಮೊದಲೇ ಚಿಕ್ಕಮುನಿಯಮ್ಮ ಬಿಂದಿಗೆಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟಳು.

"ಬಾಣಂತಿ ಒಂಟ್ಬುಟ್ಟವ್ಳೆ ಸಾರ್. ನೀರು ಐತೆ ಬಾ ಅಂತ ನಾನೇ ಏಳ್ಬುಟ್ಟೆ. ಕೂಸಿಗೆ ನೀರು ಉಯ್ಯಾಕೆ ಒಂದು ತಂಬಿಗೆ ಇಲ್ಲ ಮನೇಲಿ."

ನಗು ನಿಂತಿತು. ಎಂಜಿನಿಯರು ಸನ್ನಿವೇಶ ತಿಳಿಯಾಯಿತೆಂದು ಬ್ಯಾಗ್ ವಾಪಸು ತೆಗೆದುಕೊಂಡು, "ಸರಿ ಹಾಗಾದ್ರೆ, ಅಕ್ರಮ ಏನೂ ಇಲ್ಲ. ನಾನಿನ್ನು ಬರ್ತೀನಿ" ಎಂದು ತಿರುಗಿದರು.

ಅಲ್ಲಿಯವರೆಗೆ ಬಾಗಿಲಿಗೊರಗಿ ನಿಂತಿದ್ದ ರುದ್ರಮ್ಮ ದಾರಿಗೆ ಅಡ್ಡ ಬಂದರು. ಗಟ್ಟಿಯಾಗಿ ಮಾತಾಡುವ ಹೆಂಗಸಲ್ಲ. ಆಗಲೂ ಗಟ್ಟಿಯಾಗಿ ಮಾತಾಡಲಿಲ್ಲ.

"ನೀರಿಲ್ಲ ಬರ್ರಿ ಅಂತ ಇಷ್ಟು ದಿನ ಕರದ್ರು, ನೀವು ಬರಲಿಲ್ಲ. ನೀರು ಬಂತು ಅಂದ ಕೂಡ್ಲೆ ಓಡಿ ಬಂದ್ರಿ. ಬಂದೀರಿ, ಕುಂದರ್ರಿ. ನೀರು ಬಂದ ಮ್ಯಾಲೆ ಹೋಗೀರಂತ."

ಯಾರೋ ಕುರ್ಚಿ ತಂದರು. ಯಾರೋ ಗೇಟು ಮುಚ್ಚಿದರು. ಒಬ್ಬರೂ ದನಿ ಏರಿಸಲಿಲ್ಲ. ಚಿಕ್ಕಮುನಿಯಮ್ಮ ಎದ್ದು ಒಬ್ಬಟ್ಟಿನ ತಟ್ಟೆಯನ್ನು ಎಂಜಿನಿಯರ ಮುಂದೆ ಹಿಡಿದಳು. ಸುತ್ತ ಬಿಂದಿಗೆ ಹಿಡಿದ ಅಷ್ಟು ಜನರ ನಡುವೆ ಕುಳಿತು ಒಬ್ಬಟ್ಟು ತಿನ್ನುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಅರ್ಧ ತಿನ್ನುವಷ್ಟರಲ್ಲಿ ಎಂಜಿನಿಯರು ಜೇಬಿನಿಂದ ಫೋನು ತೆಗೆದರು. ಚಪ್ಪಡಿಯ ಮೇಲೆ ನಿಂತರೆ ಸಿಗ್ನಲ್ ಸಿಗುತ್ತದೆ ಎಂದು ಶೇಖರಪ್ಪನವರು ದಾರಿ ತೋರಿಸಿದರು. ಅಲ್ಲಿಂದಲೇ ಅವರು ಯಾರಿಗೋ ಗದರಿ ಟ್ಯಾಂಕರ್ ಕಳಿಸಲು ಹೇಳಿದರು.

ಅಮರೇಶ ಬೈಕಿನಲ್ಲಿ ಬಂದಾಗ ಕಂಡದ್ದು ಈ ದೃಶ್ಯ. ಹಿತ್ತಲ ತುಂಬ ಜನ, ನಡುವೆ ಕುರ್ಚಿಯಲ್ಲಿ ಬೆವರುತ್ತಿರುವ ಅಪರಿಚಿತರೊಬ್ಬರು, ಮೌನ. ಶೇಖರಪ್ಪನವರಿಗೇ ಏನೋ ಆಗಿಹೋಯಿತೆಂದು ಅವನು ಚಪ್ಪಲಿ ಬಿಡುವಷ್ಟರಲ್ಲಿ ಅವರೇ ಎದುರು ಬಂದರು.

"ಅಮರೇಶ, ಕಂಪ್ಯೂಟರ್ ಪೂರ್ತಿ ಹೋತೇನ್ರಿ?"

"ಕಂಪ್ಯೂಟರಿಗೆ ಏನಾಗೈತ್ರಿ ಸರ್, ನೀರು ಕುಡಿದಿದ್ದು ಕೀಬೋರ್ಡ್ ಅಷ್ಟ" ಎಂದು ಅವನು ಚೀಲದಿಂದ ಇನ್ನೊಂದು ಕೀಬೋರ್ಡ್ ತೆಗೆದ. "ಇಂಥಾವು ಆಫೀಸಿನ ಅಟ್ಟದ ಮ್ಯಾಲೆ ಧೂಳು ತಿನ್ಕೋತ ಬಿದ್ದಾವ. ಬೆಳಿಗ್ಗೇನೆ ಹೇಳಾವಿದ್ದೆ, ಯಾರಿಗೂ ಹೇಳಬ್ಯಾಡ್ರಿ ಅಂತ ಫೋನ್ ಇಟ್ರಿ."

ಅಷ್ಟರಲ್ಲಿ ಕರೆಂಟು ಬಂದಿತ್ತು. ಅವನು ಒಳಗೆ ಹೋಗಿ ಪೆಟ್ಟಿಗೆಯ ಹಿಂದೆ ಬಗ್ಗಿ, ನೇರಳೆ ಬಣ್ಣದ ಪಿನ್ನನ್ನು ನೇರಳೆ ಬಣ್ಣದ ತೂತಿಗೆ ಸಿಕ್ಕಿಸಿ, ಕಂಪ್ಯೂಟರ್ ಚಾಲೂ ಮಾಡಿದ. ಎಸ್ ಒತ್ತಿದರೆ ಒಂದೇ ಎಸ್ ಬಂತು. ಶೇಖರಪ್ಪನವರು ಅದನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಮುಂದೂ ಹೇಳ್ತೀನಿ. ನನಗ ಕಂಪ್ಯೂಟರ್ ಬರಂಗಿಲ್ಲ."

"ಗೊತ್ತೈತ್ರಿ ಸರ್. ಮೊನ್ನೆ ಆಫೀಸಿನಾಗ ನೀವು ಮೌಸ್ ಎತ್ತಿ ಪರದೆ ಮ್ಯಾಲೆ ಇಟ್ರಲ್ಲ, ಆವತ್ತೇ ಗೊತ್ತಾತು. ಬರ್ರಿ, ನೀವು ಸ್ಟಾಕ್ ಹೇಳ್ಕೋತ ಹೋಗ್ರಿ, ನಾ ಹೊಡೀತೀನಿ. ನಡುನಡುವೆ ನೀವೂ ಒಂದೊಂದು ಸಾಲು ಹೊಡೀರಿ."

ಹೊರಗೆ ಬೀದಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ಅದರ ಹಿಂದೆಯೇ ಬಾಣಂತಿಯ ಆಟೋ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ದಾಸಪ್ಪ ತನ್ನ ಬಿಂದಿಗೆಯನ್ನು ಪೈಪಿನ ಕೆಳಗಿನಿಂದ ಸರಿಸಿ, "ಮೊದ್ಲು ಕೂಸಿನ ಮನೇದು ಇಡ್ರಪ್ಪ" ಎಂದ. ಚಿಕ್ಕಮುನಿಯಮ್ಮನ ಹಂಡೆ ತುಂಬಿತು. ಸಂಜೆ ಕೂಸಿಗೆ ಎರೆಯುವಾಗ ಅದು ಅತ್ತ ಅಳು ಶೇಖರಪ್ಪನವರ ಮನೆಯವರೆಗೂ ಕೇಳಿಸಿತು. ಒಳ್ಳೆಯ ದೊಡ್ಡ ಗಂಟಲು.

ಭಾನುವಾರವೂ ಅಮರೇಶ ಬಂದ. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಆಟೋದಲ್ಲಿ ಕಾರ್ಖಾನೆಗೆ ವಾಪಸು ಹೋಯಿತು. ಪುಣೆಯವರು ಬಂದು, ಎಳನೀರು ಕುಡಿಯುತ್ತ ಪರದೆಯನ್ನು ನೋಡಿ, ತಲೆಯಾಡಿಸಿ ಹೋದರು. ಮಾಲೀಕರು ಅವರಿಗೆ, "ಎಲ್ಲಾ ನಮ್ಮ ಶೇಖರಪ್ಪನೇ ಮಾಡಿದ್ದು" ಎಂದರು. "ಅಮರೇಶ ಹೊಡೆದದ್ರಿ, ನಾ ಹೇಳಿದ್ದಷ್ಟ" ಎಂದು ಶೇಖರಪ್ಪನವರು ಎರಡು ಸಲ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಈ ಸಲ ಅವರು ಸತ್ಯ ಹೇಳುತ್ತಿದ್ದುದರಿಂದ ಅದು ವಿನಯವೆಂದೇ ಎಲ್ಲರೂ ತಿಳಿದರು.

ಮುಂದಿನ ಶನಿವಾರ ಟ್ಯಾಂಕರ್ ತಾನಾಗಿಯೇ ಬಂತು. ಅದರ ಹಿಂದೆ ಎಂಜಿನಿಯರೂ ಬಂದರು. ಯಾರೂ ಕರೆದಿರಲಿಲ್ಲ. ಅವರು ಸ್ಕೂಟರ್ ನಿಲ್ಲಿಸಿ, ನೀರಿಗೆ ನಿಂತ ಜನರತ್ತ ನೋಡದೆ, ಶೇಖರಪ್ಪನವರನ್ನು ಕಾಂಪೌಂಡಿನ ಮೂಲೆಗೆ ಕರೆದುಕೊಂಡು ಹೋದರು.

"ನಮ್ಮ ಆಫೀಸಲ್ಲಿ ಒಂದು ಕಂಪ್ಯೂಟರಿದೆ. ನನ್ನ ಟೇಬಲ್ ಮೇಲೇ ಇರೋದು" ಎಂದರು. ಚರ್ಮದ ಬ್ಯಾಗಿನ ಜಿಪ್ಪನ್ನು ಒಮ್ಮೆ ಎಳೆದು ಮುಚ್ಚಿದರು. "ನಿನ್ನೆ ಟೀ ಚೆಲ್ತು. ಇನ್ನೂ ಯಾರಿಗೂ ಹೇಳಿಲ್ಲ."

ಶೇಖರಪ್ಪನವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಸಕ್ಕರಿ ಹಾಕಿದ್ದೇನ್ರಿ ಸರ್?"

ಎಂಜಿನಿಯರು ಸುತ್ತ ನೋಡಿ ದನಿ ತಗ್ಗಿಸಿದರು.

"ಎರಡು ಚಮಚ."